ಆಘಾತ ಆಗಿದ್ದು ಅಪ್ಪನಿಗೆ

ನಮ್ಮ ಕಡೆ ಪೇಪರ್‌ಗಳಲ್ಲಿ ಟೆನಿಸ್ ಸುದ್ದಿಗೆ ಒಂದು ಖಾಯಂ ಪದ ಇದೆ: ಆಘಾತ. ಅಗ್ರ ಶ್ರೇಯಾಂಕಿತನಿಗೆ ಆಘಾತ, ಹಾಲಿ ಚಾಂಪಿಯನ್‌ಗೆ ಆಘಾತ. ಸೋತವನ ಹೆಸರು ಹೆಡ್ಡಿಂಗ್‌ನಲ್ಲಿ ದಪ್ಪಕ್ಷರದಲ್ಲಿರುತ್ತೆ, ಗೆದ್ದವನು ಎರಡನೇ ಪ್ಯಾರಾದಲ್ಲಿ ಎಲ್ಲೋ ಸಿಗ್ತಾನೆ. ನಮ್ಮಪ್ಪ ಇದನ್ನು ನೋಡಿದಾಗಲೆಲ್ಲ ಪೇಪರ್ ಜೊತೆ ಜಗಳಕ್ಕೆ ನಿಲ್ಲೋರು. "ಗೆದ್ದೋನು ಏನ್ ಮಾಡ್ದ ಅಂತ ಮೊದ್ಲು ಬರೀರೋ!"

ಅಪ್ಪ ಸಕಲೇಶಪುರದ ಹತ್ತಿರ ಒಂದು ಎಸ್ಟೇಟಲ್ಲಿ ರೈಟರ್. ಮಲೆನಾಡಿನವರಿಗೆ ಗೊತ್ತು, ಬೆಂಗಳೂರಿನವರಿಗೋಸ್ಕರ ಹೇಳ್ತೀನಿ: ರೈಟರ್ ಅಂದ್ರೆ ಕಥೆ ಕಾದಂಬರಿ ಬರೆಯೋರಲ್ಲ. ಆಳುಗಳ ಹಾಜರಿ, ಬಟವಾಡೆ, ಇವತ್ತು ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅನ್ನೋದನ್ನೆಲ್ಲ ಬರೆದಿಡೋರು. ಅದಕ್ಕೂ ಮುಂಚೆ, ಹೈಸ್ಕೂಲಿನಲ್ಲಿದ್ದಾಗ, ಅವರು ಪ್ಲಾಂಟರುಗಳ ಕ್ಲಬ್ಬಿನ ಟೆನಿಸ್ ಕೋರ್ಟಲ್ಲಿ ಬಾಲ್ ಹೆಕ್ಕಿ ಕೊಡೋ ಹುಡುಗ ಆಗಿದ್ದರು. ರಾಕೆಟ್ ಮುಟ್ಟೋಕೆ ಬಿಡ್ತಿರಲಿಲ್ಲ. ಆದರೆ ಹತ್ತು ಅಡಿ ದೂರದಿಂದ ಆಟ ನೋಡಿ ನೋಡಿ, ಯಾರ ಬ್ಯಾಕ್‌ಹ್ಯಾಂಡ್ ಯಾವಾಗ ಕೈ ಕೊಡುತ್ತೆ ಅಂತ ಅವರಿಗೆ ಸಾಹುಕಾರರಿಗಿಂತ ಚೆನ್ನಾಗಿ ಗೊತ್ತಾಗ್ತಿತ್ತಂತೆ.

ಅವರ ದೇವರು ರಮೇಶ್ ಕೃಷ್ಣನ್. ನಮ್ಮ ವಯಸ್ಸಿನವರಿಗೆ ಈ ಹೆಸರು ಕ್ವಿಜ್ ಪ್ರಶ್ನೆ ಇದ್ದ ಹಾಗೆ, ಆದ್ದರಿಂದ ಸ್ವಲ್ಪ ಹೇಳಬೇಕು. ಚೆನ್ನೈನವರು. ಸರ್ವ್ ನೋಡಿದರೆ ಎದುರಾಳಿಗೆ ಪಾಪ ಅನ್ನಿಸಬೇಕು, ಅಷ್ಟು ನಿಧಾನ. ಚೆಂಡಿಗೆ ಹೊಡೀತಿರಲಿಲ್ಲ, ಅದನ್ನ ಜಾಗಕ್ಕೆ ಕಳಿಸ್ತಿದ್ದರು. ಇಂಥ ಮನುಷ್ಯ 1989ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ, ಆಸ್ಟ್ರೇಲಿಯನ್ ಓಪನ್ ಎರಡನೇ ಸುತ್ತಿನಲ್ಲಿ, ಮ್ಯಾಟ್ಸ್ ವಿಲಾಂಡರ್‌ನ ನೇರ ಸೆಟ್‌ಗಳಲ್ಲಿ ಮುಗಿಸಿಬಿಟ್ಟರು. ವಿಲಾಂಡರ್ ಆಗ ನಂಬರ್ ಒನ್, ಹಾಲಿ ಚಾಂಪಿಯನ್, ಹಿಂದಿನ ವರ್ಷ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಮೂರನ್ನು ಗೆದ್ದವರು. ಅಪ್ಪನಿಗೆ ಆಗ ಹದಿನೇಳು. ಕಾಫಿ ಕುಯ್ಲಿನ ಸಮಯ. ರೇಡಿಯೋ ವಾರ್ತೆಯ ಕೊನೆಯಲ್ಲಿ ಬಂದ ಆ ಒಂದು ಸಾಲನ್ನ ಕೇಳಿ ಕಣದಲ್ಲಿ ಒಣಗ್ತಿದ್ದ ಹಣ್ಣಿನ ಮೇಲೇ ಕುಣಿದು ಬೈಸಿಕೊಂಡಿದ್ದರಂತೆ.

ಆಮೇಲೆ 35 ವರ್ಷ ಯಾವ ಭಾರತೀಯ ಗಂಡಸೂ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಒಬ್ಬ ಶ್ರೇಯಾಂಕಿತನನ್ನ ಸೋಲಿಸಲಿಲ್ಲ. 2024ರ ಜನವರಿ 16ಕ್ಕೆ ಸುಮಿತ್ ನಾಗಲ್ ಸೋಲಿಸಿದ. ನಾನು ಸಿಡ್ನಿಗೆ ಹೊರಡೋಕೆ ಮೂರು ವಾರ ಇತ್ತು. ಹಾಲ್‌ನಲ್ಲಿ ಸೂಟ್‌ಕೇಸ್ ಬಿಚ್ಚಿಕೊಂಡು ಬಿದ್ದಿತ್ತು, ಅಮ್ಮ ಚಟ್ನಿಪುಡಿ ಪ್ಯಾಕೆಟ್ಟನ್ನ ತೂಗಿ ತೂಗಿ ಇಡ್ತಿದ್ದರು. ರಾತ್ರಿ ಹೈಲೈಟ್ಸ್ ನೋಡ್ತಾ ಅಪ್ಪ ಲೆಕ್ಕ ಹೇಳಿದ್ರು: ರ‍್ಯಾಂಕ್ 137, ಕ್ವಾಲಿಫೈಯರ್ ಆಡಿ ಬಂದಿದ್ದಾನೆ, ಎದುರಿಗೆ 31ನೇ ಶ್ರೇಯಾಂಕದ ಬುಬ್ಲಿಕ್, ಮೂರೇ ಸೆಟ್. ನಾಗಲ್ ಹರಿಯಾಣದವನಾದರೂ ಹುಡುಗನಿದ್ದಾಗ ಬೆಂಗಳೂರಲ್ಲಿ ಮಹೇಶ್ ಭೂಪತಿಯವರ ಅಕಾಡೆಮಿಯಲ್ಲಿ ಕಲಿತವನು, ಹಾಗಾಗಿ ಅಪ್ಪನ ಪ್ರಕಾರ ಅರ್ಧ ನಮ್ಮವನೇ. ಅದಕ್ಕೆ ಕೆಲವು ತಿಂಗಳ ಹಿಂದೆ ಅವನು ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರೋದು 900 ಯೂರೋ ಅಂತ ಹೇಳಿಕೊಂಡಿದ್ದ. ಎರಡನೇ ಸುತ್ತು ತಲುಪಿದ್ದಕ್ಕೆ ಸಿಕ್ಕಿದ್ದು 1,80,000 ಆಸ್ಟ್ರೇಲಿಯನ್ ಡಾಲರ್. ಅದೇ ತಿಂಗಳ 27ಕ್ಕೆ ನಮ್ಮ ಪಕ್ಕದ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ, ಅಲ್ಲೇ ಡಬಲ್ಸ್ ಗೆದ್ದರು. ಅಪ್ಪ ಅವತ್ತೇ ತೀರ್ಮಾನ ಮಾಡಿಬಿಟ್ಟರು. "ನಿನ್ನ ಕಾನ್ವೊಕೇಷನ್‌ಗೆ ಬರ್ತೀನಿ ಕಣೋ. ಜನವರೀಲೇ ಬಂದು ಮೆಲ್ಬರ್ನ್‌ಗೂ ಹೋಗೋಣ." ಜೀವಮಾನದಲ್ಲಿ ಮೊದಲ ಸಲ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದರು. ನನ್ನ ಓದಿಗೆ ಅವರ ಎರಡೆಕರೆ ತೋಟ ಬ್ಯಾಂಕಲ್ಲಿ ಅಡ ಇತ್ತು, ಈಗಲೂ ಇದೆ.

ಇನ್ನು ನನ್ನ ಕಥೆ. 2024ರ ಜುಲೈನಲ್ಲಿ ಮೊದಲ ಸೆಮಿಸ್ಟರ್ ರಿಸಲ್ಟ್ ಬಂತು. ಒಂದು ಯೂನಿಟ್‌ನಲ್ಲಿ 43. ಪಾಸಾಗೋಕೆ 50. ಬಿ.ಇ.ಯಲ್ಲಿ ಎಂಟು ಸೆಮಿಸ್ಟರ್ ಒಂದೂ ಬ್ಯಾಕ್ ಇಲ್ಲದೆ ಬಂದವನು ನಾನು. ಇಲ್ಲಿ ಓಪನ್ ಬುಕ್ ಪರೀಕ್ಷೆ ಅಂದ ತಕ್ಷಣ ಸುಲಭ ಅಂದ್ಕೊಂಡಿದ್ದೆ. ತಪ್ಪು ಪೂರ್ತಿ ನನ್ನದೇ. ಆ ಯೂನಿಟ್ ಮತ್ತೆ ಬರೋದು ಮುಂದಿನ ಫೆಬ್ರವರಿಗೆ. ಫೀಸು ಮತ್ತೆ ಪೂರ್ತಿ ಕಟ್ಟಬೇಕು, ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ಮೂರು ಲಕ್ಷ. ಅದಿಲ್ಲದೆ ಥೀಸಿಸ್ ಶುರು ಮಾಡೋ ಹಾಗಿಲ್ಲ, ಅಂದರೆ ಕೋರ್ಸು ಅರ್ಧ ವರ್ಷ ಮುಂದಕ್ಕೆ.

ಅಪ್ಪ ಫೋನಲ್ಲಿ ಕೇಳಿದರು, "ರಿಸಲ್ಟು?"

"ಎಲ್ಲಾ ಆಯ್ತಪ್ಪ" ಅಂದೆ. ಆಯ್ತು ಅನ್ನೋ ಪದದಲ್ಲಿ ಪಾಸು ಅಂತ ಎಲ್ಲೂ ಇಲ್ಲ, ನೋಡಿ.

ಫೀಸಿಗೋಸ್ಕರ ಕೆಲಸ ಹುಡುಕಿದೆ. ಸಿಟಿಯಲ್ಲಿ ಒಂದು ದೊಡ್ಡ ಕಟ್ಟಡದಲ್ಲಿ ಸಿಕ್ಕಿತು. ಮನೆಗೆ "ಆಫೀಸಲ್ಲಿ ಪಾರ್ಟ್ ಟೈಮ್" ಅಂತ ಹೇಳಿದೆ. ಅದೂ ಸುಳ್ಳಲ್ಲ. ರಾತ್ರಿ ಒಂಬತ್ತರಿಂದ ಒಂದರವರೆಗೆ ಹದಿನಾಲ್ಕನೇ ಮಹಡಿ ಪೂರ್ತಿ ನನ್ನದೇ: ಅರವತ್ತೆರಡು ಕಸದ ಬುಟ್ಟಿ, ಎರಡು ಅಡುಗೆಮನೆ, ನಾಲ್ಕು ಟಾಯ್ಲೆಟ್ಟು, ಒಂದು ವ್ಯಾಕ್ಯೂಮ್ ಕ್ಲೀನರ್. ಎರಡು ವಾರಕ್ಕೆ 48 ಗಂಟೆಯ ಮಿತಿ ನಮಗೆಲ್ಲ ಬಾಯಿಪಾಠ, ನನ್ನದು 40 ದಾಟ್ತಿರಲಿಲ್ಲ. ಕೆಲಸದ ಬಗ್ಗೆ ನನಗೆ ನಾಚಿಕೆ ಇತ್ತಾ ಅಂತ ಈಗ ಕೇಳಿಕೊಂಡರೆ, ಇತ್ತು. ಇಲ್ಲಿ ಯಾರ ಮುಂದೆಯೂ ಇರಲಿಲ್ಲ. ಊರಿನ ಮುಂದೆ ಇತ್ತು.

ವ್ಯಾಕ್ಯೂಮ್ ಹಾಕೋವಾಗ ಕಿವಿಗೆ ಏನಾದರೂ ಬೇಕಲ್ಲ. ಹಳೇ ಟೆನಿಸ್ ಮ್ಯಾಚುಗಳ ಕಾಮೆಂಟರಿ ಕೇಳೋಕೆ ಶುರು ಮಾಡಿದೆ. ಅದರಲ್ಲೂ ದೊಡ್ಡವರು ಸೋತ ಮ್ಯಾಚುಗಳು. ಹಾಗೇ ಒಂದು ರಾತ್ರಿ ಮಾರ್ಕ್ ಎಡ್ಮಂಡ್‌ಸನ್ ಸಿಕ್ಕಿದರು.

ಸೆಂಟ್ರಲ್‌ನಿಂದ ರೈಲು ಹತ್ತಿದರೆ ಒಂದೂವರೆ ಗಂಟೆಯೊಳಗೆ ಸಿಗೋ ಗಾಸ್‌ಫರ್ಡ್‌ನಲ್ಲಿ ಹುಟ್ಟಿದವರು. 1976ರ ಆಸ್ಟ್ರೇಲಿಯನ್ ಓಪನ್‌ಗೆ ಮೆಲ್ಬರ್ನಿನ ಕೂಯಾಂಗ್ ಕ್ಲಬ್ಬಿಗೆ ಹೋದಾಗ ವಯಸ್ಸು 21, ರ‍್ಯಾಂಕ್ 212. ಅದಕ್ಕೆ ಸ್ವಲ್ಪ ಮುಂಚೆ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ ಮಾಡ್ತಿದ್ದವರು. ಸೆಮಿಫೈನಲ್‌ನಲ್ಲಿ ಒಂದನೇ ಶ್ರೇಯಾಂಕದ ಕೆನ್ ರೋಸ್‌ವಾಲ್, ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಜಾನ್ ನ್ಯೂಕೂಂಬ್. ಇಬ್ಬರನ್ನೂ ಸೋಲಿಸಿ ಕಪ್ ಎತ್ತಿದರು. ಅಷ್ಟು ಕೆಳಗಿನ ರ‍್ಯಾಂಕಿನಿಂದ ಬಂದು ಗಂಡಸರ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದವರು ಇವತ್ತಿಗೂ ಇನ್ನೊಬ್ಬರಿಲ್ಲ. ಆಮೇಲೆ ಯಾವ ಆಸ್ಟ್ರೇಲಿಯನ್ ಗಂಡಸೂ ಈ ಸಿಂಗಲ್ಸ್ ಕಪ್ ಗೆದ್ದಿಲ್ಲ. ಸಿಡ್ನಿ ಒಲಿಂಪಿಕ್ ಪಾರ್ಕಿನಲ್ಲಿ ದೊಡ್ಡ ಸ್ಟೇಡಿಯಂಗೆ ಕೆನ್ ರೋಸ್‌ವಾಲ್ ಹೆಸರಿದೆ, ಇರಬೇಕಾದ್ದೇ. ಎಡ್ಮಂಡ್‌ಸನ್ ಯಾರು ಅಂತ ನನ್ನ ಜೊತೆ ಕೆಲಸ ಮಾಡೋ ಆಸ್ಟ್ರೇಲಿಯನ್ ಹುಡುಗನಿಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಮಾಪ್ ಎತ್ತಿ ಒಂದು ಸರ್ವ್ ಹೊಡೆದ.

ಆಮೇಲೆ ಹುಚ್ಚು ಹತ್ತಿತು. 2017ರಲ್ಲಿ ಮೆಲ್ಬರ್ನ್‌ನಲ್ಲಿ ಜೊಕೊವಿಚ್‌ರನ್ನ ಎರಡನೇ ಸುತ್ತಲ್ಲೇ ಐದು ಸೆಟ್ ಆಡಿಸಿ ಕಳಿಸಿದ ಉಜ್ಬೇಕಿಸ್ತಾನದ ಡೆನಿಸ್ ಇಸ್ತೋಮಿನ್: ರ‍್ಯಾಂಕ್ 117, ಕೋಚ್ ಸ್ವಂತ ಅಮ್ಮ, ಹುಡುಗನಿದ್ದಾಗ ಕಾರ್ ಅಪಘಾತದಲ್ಲಿ ಕಾಲು ಮುರಿದು ಎರಡು ವರ್ಷ ರಾಕೆಟ್ ಹಿಡಿಯದವನು. ಅದೇ ವಾರ ನಂಬರ್ ಒನ್ ಆಂಡಿ ಮರ‍್ರೆಯನ್ನ ಸೋಲಿಸಿದ 50ನೇ ರ‍್ಯಾಂಕಿನ ಮಿಶಾ ಜ್ವೆರೆವ್. 1987ರ ವಿಂಬಲ್ಡನ್‌ನಲ್ಲಿ ಬೋರಿಸ್ ಬೆಕರ್‌ಗೆ ಬಾಗಿಲು ತೋರಿಸಿದ, ನಮ್ಮ ಇದೇ ನ್ಯೂ ಸೌತ್ ವೇಲ್ಸ್‌ನ ಪೀಟರ್ ಡೂಹನ್. ಇವರಲ್ಲಿ ಹೆಚ್ಚಿನವರು ಮುಂದಿನ ಒಂದೆರಡು ಸುತ್ತಲ್ಲಿ ಸೋತರು. ಅದು ನನಗೆ ಮೊದಲು ಬೇಜಾರು ಮಾಡ್ತಿತ್ತು.

ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲ. ಫೆಡರರ್ 2024ರ ಜೂನ್‌ನಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಪದವಿ ಸಮಾರಂಭದಲ್ಲಿ ಒಂದು ಲೆಕ್ಕ ಕೊಟ್ಟಿದ್ದರು: ಆಡಿದ 1,526 ಸಿಂಗಲ್ಸ್ ಮ್ಯಾಚುಗಳಲ್ಲಿ ಗೆದ್ದಿದ್ದು ಸುಮಾರು 80 ಪರ್ಸೆಂಟ್, ಆದರೆ ಪಾಯಿಂಟುಗಳಲ್ಲಿ ಗೆದ್ದಿದ್ದು 54 ಪರ್ಸೆಂಟ್ ಮಾತ್ರ. ಇದನ್ನ ಕೇಳಿ ಒಂದು ಭಾನುವಾರ ಲ್ಯಾಪ್‌ಟಾಪ್ ತೆಗೆದು ಕೂತೆ. ಪ್ರತಿ ಪಾಯಿಂಟನ್ನೂ ಗೆಲ್ಲೋ ಸಾಧ್ಯತೆ 54 ಅಂತ ಇಟ್ಟುಕೊಳ್ಳಿ (ಸರ್ವ್, ರಿಟರ್ನ್ ಭೇದ ಇಲ್ಲದ ಒರಟು ಮಾದರಿ, ಸ್ಟ್ಯಾಟ್ಸ್ ಓದೋರು ಬೈಕೊಬೇಡಿ). ಗೇಮ್ ಗೆಲ್ಲೋ ಸಾಧ್ಯತೆ 60 ಆಗುತ್ತೆ, ಸೆಟ್ 76 ಆಗುತ್ತೆ, ಐದು ಸೆಟ್ಟಿನ ಮ್ಯಾಚ್ 91 ಆಗುತ್ತೆ. ಟೆನಿಸ್‌ನ ಲೆಕ್ಕ ಹಾಕೋ ಪದ್ಧತಿಯೇ ಒಂದು ಆಂಪ್ಲಿಫೈಯರ್. ಸಣ್ಣ ವ್ಯತ್ಯಾಸವನ್ನ ಮೆಟ್ಟಿಲು ಮೆಟ್ಟಿಲಾಗಿ ದೊಡ್ಡದು ಮಾಡಿ, ಕೊನೆಗೆ ಒಬ್ಬನನ್ನ ರಾಜ, ಇನ್ನೊಬ್ಬನನ್ನ ಅನಾಮಧೇಯ ಅಂತ ತೋರಿಸುತ್ತೆ. ಈಗ ಆ 54ನ್ನ 52 ಮಾಡಿ. ನೂರಕ್ಕೆ ಎರಡೇ ಪಾಯಿಂಟು. ಮ್ಯಾಚ್ ಗೆಲ್ಲೋ ಸಾಧ್ಯತೆ 91ರಿಂದ 75ಕ್ಕೆ ಬೀಳುತ್ತೆ. ಸ್ವಲ್ಪ ನಿದ್ದೆಗೆಟ್ಟಿದ್ರೆ, ಬೆನ್ನು ಹಿಡಿದಿದ್ರೆ, ಎದುರಿನವನಿಗೆ ಅವತ್ತು ಕೈ ಕುದುರಿದ್ರೆ, ಆಘಾತ. ಅದಕ್ಕೇ ಮೂರು ಸೆಟ್ಟಿನ ಮ್ಯಾಚುಗಳಲ್ಲಿ ಇದು ಇನ್ನೂ ಸುಲಭ: ಅದೇ 54ಕ್ಕೆ ಅಲ್ಲಿ ಸಿಗೋದು 86 ಮಾತ್ರ.

ಈ ಲೆಕ್ಕ ನೋಡಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನನ್ನ 43 ಯಾವ ಪಾಯಿಂಟಿನಲ್ಲಿ ಹೋಯ್ತು ಅಂತ ನನಗೆ ಗೊತ್ತಿತ್ತು. ಏಪ್ರಿಲ್‌ನಲ್ಲಿ ಎರಡು ವಾರ ಲೆಕ್ಚರ್ ನೋಡದೆ ಬಿಟ್ಟೆನಲ್ಲ, ಅಲ್ಲಿ.

2025ರ ಜನವರಿ 12, ಭಾನುವಾರ ರಾತ್ರಿ, ರೂಮ್‌ಮೇಟ್ ಜೊತೆ ಸೆಂಟ್ರಲ್‌ನಿಂದ ಮೆಲ್ಬರ್ನ್ ರೈಲು ಹತ್ತಿದೆ. ಹನ್ನೊಂದು ಗಂಟೆ ಕೂತೇ ಪ್ರಯಾಣ, ಬಿಸಿಬೇಳೆಬಾತ್ ಡಬ್ಬಿಯಲ್ಲಿ. (ಫ್ಲೈಟ್ ಇನ್ನೂ ಚೀಪ್ ಇತ್ತು ಅಂತ ಅಲ್ಲಿಗೆ ಹೋದಮೇಲೆ ಗೊತ್ತಾಯ್ತು, ಆ ವಿಷಯ ಬೇಡ.) ಸೋಮವಾರ ಬೆಳಗ್ಗೆ ಸದರ್ನ್ ಕ್ರಾಸ್‌ನಲ್ಲಿ ಮುಖ ತೊಳೆದು, 70ನೇ ನಂಬರ್ ಟ್ರ್ಯಾಮ್ ಹಿಡಿದು ಮೆಲ್ಬರ್ನ್ ಪಾರ್ಕಿಗೆ ಹೋದ್ವಿ. ಗ್ರೌಂಡ್ ಪಾಸ್. ರಾಡ್ ಲೇವರ್ ಅರೀನಾ ಒಳಗೆ ಪ್ರವೇಶ ಇಲ್ಲ, ಹೊರಗೆ ಹುಲ್ಲಿನ ಮೇಲೆ ಕೂತು ದೊಡ್ಡ ಸ್ಕ್ರೀನಲ್ಲಿ ನೋಡಬಹುದು.

ಅವತ್ತು ಜೊಕೊವಿಚ್‌ಗೆ ಎದುರಾಳಿ ನಿಶೇಶ್ ಬಸವರೆಡ್ಡಿ. ಹತ್ತೊಂಬತ್ತು ವರ್ಷದ ಅಮೆರಿಕನ್, ವೈಲ್ಡ್ ಕಾರ್ಡ್. ಸ್ಕ್ರೀನಲ್ಲಿ ಹೆಸರು ಬಂದ ತಕ್ಷಣ ನನ್ನ ರೂಮ್‌ಮೇಟ್, ಅವನು ಬಾಗಲಕೋಟೆಯವನು, "ಬಸವ ಅಂದಮ್ಯಾಲ ನಮ್ಮವನs" ಅಂತ ಎದ್ದು ನಿಂತ. ಫೋನಲ್ಲಿ ಹುಡುಕಿದರೆ ಮನೆಯವರ ಮೂಲ ಆಂಧ್ರದ ನೆಲ್ಲೂರು. "ಇರ್ಲಿ ಬಿಡಲೇ" ಅಂದ, ಕೂರಲಿಲ್ಲ. ಪಕ್ಕದಲ್ಲಿ ನಾಲ್ಕಾರು ತೆಲುಗು ಹುಡುಗರು, ಒಂದು ಸರ್ಬಿಯನ್ ಕುಟುಂಬ ಬಾವುಟ ಸಮೇತ. ಆ ಹುಡುಗ ಚೆಂಡನ್ನ ಬೇಗನೆ ತಗೊಳ್ತಿದ್ದ, ಹೆದರಿಕೆ ಅನ್ನೋದೇ ಇಲ್ಲ. ಮೊದಲನೇ ಸೆಟ್ 6-4. ಬಸವರೆಡ್ಡಿಗೆ.

ನಾನು ಯೋಚನೆ ಮಾಡಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಇನ್ನೂ ಬಿಸಿಲು, ಕುಯ್ಲು ಜೋರಾಗಿರೋ ಟೈಮು, ಮಾರನೇ ದಿನ ಸಂಕ್ರಾಂತಿ. ಹಿಂದೆ ಕಣದಲ್ಲಿ ಹಣ್ಣು ಎಳೆಯೋ ಶಬ್ದ ಕೇಳಿಸ್ತಿತ್ತು.

"ಅಪ್ಪಾ, ಜೊಕೊವಿಚ್ ಒಂದು ಸೆಟ್ ಹಿಂದೆ!"

"ಹೌದೇನೋ! ಯಾರೋ ಎದುರಿಗೆ?"

ಹೇಳಿದೆ. ಅವರು ಹೋ ಅಂತ ನಗ್ತಿದ್ದರು. ಆ ನಗು ಕೇಳ್ತಿದ್ದ ಹಾಗೆ ನನಗೆ ಏನಾಯ್ತೋ, ಉಳಿದಿದ್ದೆಲ್ಲ ಬಾಯಿಗೆ ಬಂತು. ಜುಲೈ, 43, ಫೀಸು, ಅರ್ಧ ವರ್ಷ, ಹದಿನಾಲ್ಕನೇ ಮಹಡಿ. ಸುತ್ತ ಜನ ಚಪ್ಪಾಳೆ ಹೊಡೀತಿದ್ದರು, ನಾನು ಒಂದು ಕಿವಿ ಮುಚ್ಚಿಕೊಂಡು ಹೇಳ್ತಾನೇ ಇದ್ದೆ.

ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ.

"ಆರು ತಿಂಗಳಿಂದ?"

"ಹೂಂ ಅಪ್ಪ."

ಫೋನ್ ಕಟ್ಟಾಯ್ತು. ಸಿಗ್ನಲ್ ಹೋಗಿರಬೇಕು ಅಂತ ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೇ ಸಲ ಅಮ್ಮ ಎತ್ತಿ, "ಈಗ ಬೇಡ ಕಣೋ, ಅವರು ತೋಟಕ್ಕೆ ಹೋದ್ರು" ಅಂದರು. ಸ್ಕ್ರೀನಲ್ಲಿ ಜೊಕೊವಿಚ್ ನಿಧಾನಕ್ಕೆ ತಮ್ಮ ಕೆಲಸ ಶುರು ಮಾಡಿದ್ದರು. ಹುಡುಗನ ಕಾಲು ಹಿಡ್ಕೊಳ್ತು, ಒಂದೊಂದೇ ಸೆಟ್ ಹೋಯ್ತು, ನಾಲ್ಕು ಸೆಟ್ಟಲ್ಲಿ ಮ್ಯಾಚ್ ಮುಗೀತು. ಸರ್ಬಿಯನ್ ಕುಟುಂಬದ ಅಜ್ಜಿ ಬಂದು ನನ್ನ ಬೆನ್ನು ತಟ್ಟಿ ಏನೋ ಹೇಳಿದರು. ನಾನು ಬಸವರೆಡ್ಡಿ ಸೋತದ್ದಕ್ಕೆ ಅಳ್ತಿದ್ದೀನಿ ಅಂದ್ಕೊಂಡಿರಬೇಕು.

ಸಂಕ್ರಾಂತಿ ದಿನ ಮೆಲ್ಬರ್ನ್‌ನಲ್ಲಿ ಸ್ನೇಹಿತನ ರೂಮಲ್ಲಿ ಎಳ್ಳು ಬೆಲ್ಲ ಸಿಕ್ಕಿತು. ಅದನ್ನ ತಿಂದು ಒಳ್ಳೆ ಮಾತಾಡಬೇಕಾದವರು ಫೋನ್ ಎತ್ತಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಮಾರ್ಕಿನ ವಿಷಯಕ್ಕೆ ಬೈತಾರೆ, ದುಡ್ಡಿನ ವಿಷಯಕ್ಕೆ ಬೈತಾರೆ ಅಂತ ನಾನು ಆರು ತಿಂಗಳು ತಯಾರಿ ಮಾಡಿಕೊಂಡಿದ್ದೆ. ಬೈಯದೇ ಇರ್ತಾರೆ ಅಂತ ಅಂದ್ಕೊಂಡಿರಲಿಲ್ಲ.

ಗುರುವಾರ ಮತ್ತೆ ಕೆಲಸ. ರಾತ್ರಿ ಒಂದಕ್ಕೆ ಮುಗಿಸಿ ನೈಟ್‌ರೈಡ್ ಬಸ್ಸಲ್ಲಿ ಕೂತು ಫೋನ್ ತೆಗೆದರೆ, ಮೆಲ್ಬರ್ನ್‌ನಲ್ಲಿ ಇನ್ನೂ ಆಟ ನಡೀತಾನೇ ಇದೆ. ಹಿಂದಿನ ವರ್ಷದ ಫೈನಲಿಸ್ಟ್ ಮೆದ್ವೆದೇವ್ ವಿರುದ್ಧ 121ನೇ ರ‍್ಯಾಂಕಿನ, ಕ್ವಾಲಿಫೈಯರ್ ಆಡಿ ಬಂದ ಲರ್ನರ್ ಟಿಯೆನ್. ಅವನಿಗೂ ಹತ್ತೊಂಬತ್ತು. ಅಮ್ಮ ಗಣಿತದ ಮೇಡಂ, ಅದಕ್ಕೇ ಮಗನಿಗೆ ಲರ್ನರ್ ಅಂತ ಹೆಸರು. (ನಮ್ಮೂರಲ್ಲಿ ಇಟ್ಟಿದ್ರೆ ಆ ಹುಡುಗ ಎಲ್‌ಎಲ್‌ಆರ್ ಜೋಕಿನಲ್ಲೇ ಸತ್ತಿರ್ತಿದ್ದ.) ಎರಡು ಸೆಟ್ ಮುಂದಿದ್ದವನು, ಮೂರನೇ ಸೆಟ್ಟಲ್ಲಿ ಮ್ಯಾಚ್ ಪಾಯಿಂಟ್ ಕಳೆದುಕೊಂಡ. ನಾಲ್ಕನೇ ಸೆಟ್ 1-6. ಇಂಥ ಕಡೆ ಚಿಕ್ಕವನು ಕುಸಿದು ಹೋಗ್ತಾನೆ, ಅದು ಎಲ್ಲರಿಗೂ ಗೊತ್ತು. ಐದನೇ ಸೆಟ್ ಶುರುವಾದಾಗ ನಾನು ವೆಸ್ಟ್‌ಮೀಡ್ ರೂಮಿನ ಮೆಟ್ಟಿಲ ಮೇಲೆ ಕೂತಿದ್ದೆ, ಒಳಗೆ ಹೋದರೆ ರೂಮ್‌ಮೇಟ್ ಎದ್ದುಬಿಡ್ತಾನೆ ಅಂತ.

ಆಗ ವಾಟ್ಸಾಪ್ ಮೆಸೇಜು ಬಂತು. ಅಪ್ಪನದು.

"ನೋಡ್ತಿದ್ದೀಯಾ"

"ಹೂಂ" ಅಂತ ಕಳಿಸಿದೆ.

"ಇವನು ಗೆಲ್ತಾನೆ. ಮೆದ್ವೆದೇವ್ ಕಾಲು ನೋಡು"

ನಾನು ಕಾಲು ನೋಡಿದೆ. ನನಗೇನೂ ಕಾಣಿಸಲಿಲ್ಲ. ಐದನೇ ಸೆಟ್ ಟೈಬ್ರೇಕ್‌ಗೆ ಹೋಯ್ತು, 10-7ಕ್ಕೆ ಟಿಯೆನ್ ಗೆದ್ದ. ಮೆಲ್ಬರ್ನ್‌ನಲ್ಲಿ ಗಂಟೆ 2.54, ಆಡಿದ್ದು 4 ಗಂಟೆ 49 ನಿಮಿಷ. ಊರಲ್ಲಿ ರಾತ್ರಿ ಒಂಬತ್ತೂವರೆ ಆಗಿರಲಿಲ್ಲ. ಫೋನ್ ರಿಂಗಾಯ್ತು.

ಅಪ್ಪ ಮ್ಯಾಚಿನ ಬಗ್ಗೆ ಐದು ನಿಮಿಷ ಮಾತಾಡಿದರು. ಆಮೇಲೆ, "ಏನ್ ಒರೆಸ್ತೀಯಾ ಅಲ್ಲಿ? ಕಾರ್ಪೆಟ್ಟಾ, ಟೈಲ್ಸಾ?"

"ಎರಡೂ ಇದೆ ಅಪ್ಪ."

"ಕ್ಲಬ್ಬಲ್ಲಿ ಬಾಲ್ ಹೆಕ್ಕೋದು ಸಂಜೆ ಆರಕ್ಕೆ ಮುಗೀತಿತ್ತು. ಆಮೇಲೆ ಬಾರ್ ನೆಲ ಒರೆಸೋದು. ನಿಮ್ಮ ಅಜ್ಜನಿಗೆ ನಾನೂ ಹೇಳಿರ್ಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆದ್ರೆ ನಾನು ಅವರ ದುಡ್ಡಲ್ಲಿ ಓದ್ತಿರಲಿಲ್ಲ ಕಣೋ."

ಆ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮುಂದಿನ ವಾರದಿಂದ ಅವರಿಗೆ ನನ್ನ ಪ್ರತಿ ಅಸೈನ್‌ಮೆಂಟ್ ಮಾರ್ಕ್ಸೂ ಬೇಕಿತ್ತು. ಸ್ಕ್ರೀನ್‌ಶಾಟ್ ಸಮೇತ. ಹಾಜರಿ ಪುಸ್ತಕ ಬರೆಯೋರಲ್ಲವಾ, ನಂಬಿಕೆ ಬೇರೆ, ಎಂಟ್ರಿ ಬೇರೆ.

ಫೆಬ್ರವರಿಯಲ್ಲಿ ಎಡ್ಜ್‌ಕ್ಲಿಫ್ ಕಡೆ ಹೋದವನು ವೈಟ್ ಸಿಟಿ ಹತ್ತಿರ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. 1987ರ ಡೇವಿಸ್ ಕಪ್ ಸೆಮಿಫೈನಲ್ ಅಲ್ಲೇ ನಡೆದದ್ದು. ಆಸ್ಟ್ರೇಲಿಯಾದ ಹುಲ್ಲಿನ ಕೋರ್ಟಲ್ಲಿ ಆಸ್ಟ್ರೇಲಿಯಾವನ್ನೇ ಭಾರತ 3-2ರಿಂದ ಸೋಲಿಸಿತ್ತು, ನಿರ್ಣಾಯಕ ಐದನೇ ಪಂದ್ಯದಲ್ಲಿ ವಾಲಿ ಮಸೂರ್ ವಿರುದ್ಧ ಗೆದ್ದದ್ದು ಇದೇ ರಮೇಶ್ ಕೃಷ್ಣನ್. ನಾನು ದಿನಾ ಬಸ್ಸು ರೈಲು ಹತ್ತೋ ಊರಲ್ಲಿ ಅಪ್ಪನ ಅರ್ಧ ದೇವಸ್ಥಾನ ಇದೆ ಅಂತ ನನಗೆ ಒಂದು ವರ್ಷ ಗೊತ್ತೇ ಇರಲಿಲ್ಲ. ಅಪ್ಪ ಫೋನ್ ಹತ್ತಿರ ಹಿಡಿದು ನೋಡಿ, "ಹುಲ್ಲು ಎಲ್ಲೋ?" ಅಂದರು.

ಆ ಯೂನಿಟ್ ಜೂನ್‌ನಲ್ಲಿ ಮತ್ತೆ ಬರೆದೆ. 61. ಡಿಸ್ಟಿಂಕ್ಷನ್ ಏನಲ್ಲ. ಥೀಸಿಸ್ ಈಗ ನಡೀತಿದೆ, ಮುಗಿಯೋದು ಮುಂದಿನ ವರ್ಷದ ಮಧ್ಯಕ್ಕೆ. ಹದಿನಾಲ್ಕನೇ ಮಹಡಿ ಇನ್ನೂ ನನ್ನದೇ. ನವೆಂಬರ್ 1ಕ್ಕೆ ನಾವು ಇಲ್ಲಿ ಬಾವುಟ ಹಾರಿಸಿ ಪುಳಿಯೋಗರೆ ತಿಂದ ದಿನವೇ ಬೋಪಣ್ಣ ನಿವೃತ್ತಿ ಹೇಳಿದರು. ಅಪ್ಪ ಅದಕ್ಕೆ ಅರ್ಧ ಗಂಟೆ ಬೇಜಾರು ಮಾಡಿಕೊಂಡರು.

ಕಾನ್ವೊಕೇಷನ್‌ಗೆ ಕಾಯಲ್ಲ ಅಂತ ಅವರು ತೀರ್ಮಾನ ಮಾಡಿದ್ದಾರೆ. ವಿಸಿಟರ್ ವೀಸಾ ಬಂದಿದೆ. ಜನವರಿ ಕುಯ್ಲಲ್ಲಿ ಹತ್ತು ದಿನ ರಜೆ ಕೇಳಿದ್ದಕ್ಕೆ ಎಸ್ಟೇಟಲ್ಲಿ ದೊಡ್ಡ ರಾದ್ಧಾಂತ ಆಗಿದೆಯಂತೆ. ಈ ಸಲ ವಿಮಾನದಲ್ಲೇ ಮೆಲ್ಬರ್ನ್‌ಗೆ ಹೋಗ್ತೀವಿ, ಗ್ರೌಂಡ್ ಪಾಸ್ ಎರಡು. ನಿನ್ನೆ ರಾತ್ರಿ ಫೋನ್ ಮಾಡಿ ಕೇಳ್ತಿದ್ದರು: ಹೊರಗಿನ ಕೋರ್ಟುಗಳಲ್ಲಿ ಬಾಲ್ ಹೆಕ್ಕೋ ಹುಡುಗರು ನಿಲ್ಲೋ ಜಾಗಕ್ಕೆ ಎಷ್ಟು ಹತ್ತಿರ ಕೂರೋಕೆ ಬಿಡ್ತಾರೆ?